ಮತ್ಸ್ಯನ್ಯಾಯವೂ ಮೀನಿನ ಮುನಿಸೂ

ದೊಡ್ಡ ಮೀನು ಸಣ್ಣ ಮೀನನ್ನು ನುಂಗುವುದೆಂಬ ಲೋಕಾನುಭವದಿಂದ ನಮ್ಮ ರಾಜನೀತಿಕಾರರು ಮತ್ಸ್ಯನ್ಯಾಯವೆಂಬ ಪರಿಭಾಷೆಯನ್ನು ಕಲ್ಪಿಸಿದರು. ದಂಡಧರನಿಲ್ಲದ ನಾಡಿನ ಅವಸ್ಥೆಯನ್ನು ತಿಳಿಸುವುದಕ್ಕೆ ಮಹಾಭಾರತದ ಶಾಂತಿಪರ್ವವೂ ಕೌಟಿಲ್ಯನ ಅರ್ಥಶಾಸ್ತ್ರವೂ ಈ ದೃಷ್ಟಾಂತವನ್ನೇ ಆಶ್ರಯಿಸಿವೆ. ಅಂದಿನಿಂದ ಮೀನುಗಳ ವೈರವನ್ನು ಕುರಿತು ಏನು ಬರೆಯಹೊರಟರೂ ಈ ಮಾತು ತಾನಾಗಿ ಲೇಖನಿಯ ತುದಿಗೆ ಬಂದು ನಿಲ್ಲುತ್ತದೆ. ಆದರೆ ವಿಚಾರಿಸಿ ನೋಡಿದರೆ ಮತ್ಸ್ಯನ್ಯಾಯವು ಆಹಾರದ ಮಾತೇ ಹೊರತು ವೈರದ ಮಾತಲ್ಲ. ನುಂಗುವ ಮೀನಿಗೆ ತನ್ನ ತುತ್ತಿನ ಮೇಲೆ ಕೋಪವಿರುವುದಿಲ್ಲ, ಹಸಿವಿರುತ್ತದೆ. ಮೀನು ನಿಜವಾಗಿ ಕೆರಳುವುದು ತನಗೆ ಸರಿಸಮನಾದ, ತನ್ನಂತೆಯೇ ಬಣ್ಣವುಳ್ಳ, ತಾನು ಹಿಡಿದ ನೆಲೆಯನ್ನೇ ಬಯಸುವ ಮತ್ತೊಂದು ಮೀನಿನ ಮೇಲೆ.

ಈ ಭೇದವನ್ನು ಆಧಾರವಾಗಿ ಇಟ್ಟುಕೊಂಡು ಕೊನ್ರಾಡ್ ಲೊರೆಂಟ್ಸರು ೧೯೬೩ರಲ್ಲಿ ಜರ್ಮನ್ ಭಾಷೆಯಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಅದರ ಹೆಸರನ್ನು ಕನ್ನಡಿಸುವುದಾದರೆ ‘ದುಷ್ಟತನವೆನಿಸಿಕೊಂಡದ್ದು’ ಎಂದಾಗುತ್ತದೆ. ೧೯೬೬ರ ಇಂಗ್ಲಿಷ್ ಭಾಷಾಂತರವು ‘ಆನ್ ಅಗ್ರೆಶನ್’ ಎಂಬ ಒಣ ಹೆಸರನ್ನು ತಳೆದು, ‘ಎನಿಸಿಕೊಂಡದ್ದು’ ಎಂಬುದರಲ್ಲಿದ್ದ ವ್ಯಂಗ್ಯವನ್ನು ಕಳೆದುಕೊಂಡಿತು. ಗ್ರಂಥಕಾರರು ೧೯೭೩ರಲ್ಲಿ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡ ಮೂವರಲ್ಲಿ ಒಬ್ಬರು. ಪ್ರಾಣಿಶಾಸ್ತ್ರದ ಈ ಪುಸ್ತಕವನ್ನು ಸಾಹಿತ್ಯದ ಅಧ್ಯಾಪಕರು ಏಕೆ ಓದಬೇಕೆಂದರೆ, ಅದರ ವಾದವು ಪ್ರಮಾಣಗಳಿಂದ ನಡೆಯುವಷ್ಟೇ ಉಪಮೆಗಳಿಂದಲೂ ನಡೆಯುತ್ತದೆ. ಉಪಮೆ ಸರಿಯೇ ತಪ್ಪೇ ಎಂಬುದು ಇಲ್ಲಿ ಬರಿಯ ಅಲಂಕಾರದ ಪ್ರಶ್ನೆಯಲ್ಲ. ಜಯನಗರದ ಮನೆಗಳ ನಡುಮನೆಯಲ್ಲಿ ಗಾಜಿನ ತೊಟ್ಟಿಯನ್ನಿಟ್ಟು ಬಗೆಬಗೆಯ ಮೀನುಗಳನ್ನು ಒಟ್ಟಿಗೆ ಸಾಕುವವರು, ಒಂದು ಜೊತೆ ಮೊಟ್ಟೆಯಿಟ್ಟೊಡನೆ ಉಳಿದ ಮೀನುಗಳ ರೆಕ್ಕೆಗಳು ಹರಿಯುವುದನ್ನು ಕಂಡು ಏನು ಮಾಡುವರೆಂಬುದು, ಅವರ ಮನಸ್ಸಿನಲ್ಲಿ ಯಾವ ಉಪಮೆಯಿದೆಯೆಂಬುದನ್ನು ಅವಲಂಬಿಸಿದೆ.

ಇನ್ನೊಂದು ಕಾರಣವೂ ಉಂಟು. ಲೊರೆಂಟ್ಸರು ಆ ಅಧ್ಯಾಯದಲ್ಲಿ ಸಾಕ್ಷಿಗೆ ಕರೆದಿರುವ ಮೀನುಗಳಲ್ಲಿ ಒಂದು ನಮ್ಮದು. ಸಿಕ್ಲಿಡ್ ಎಂಬ ದೊಡ್ಡ ಕುಲದ ಬಹುಭಾಗ ಆಫ್ರಿಕ, ಅಮೆರಿಕಗಳಲ್ಲಿ ಹರಡಿದ್ದರೂ ಭಾರತಕ್ಕೆ ಸಹಜವಾದ ಜಾತಿಗಳು ಮೂರೇ. ಮಲೆಯಾಳಿಗಳು ಕರಿಮೀನ್ ಎನ್ನುವುದು ಒಂದು; ೧೮೭೭ರಲ್ಲಿ ಫ್ರಾನ್ಸಿಸ್ ಡೇ ವರ್ಣಿಸಿದ, ಕೆನರಾ ಸೀಮೆಯ ಹೆಸರನ್ನೇ ಹೊತ್ತ ಎಟ್ರೋಪ್ಲಸ್ ಕೆನರೆನ್ಸಿಸ್ ಇನ್ನೊಂದು; ೧೭೯೫ರಲ್ಲಿ ಬ್ಲೋಕ್ ಹೆಸರಿಟ್ಟ, ಅಂಗಡಿಗಳಲ್ಲಿ ಆರೆಂಜ್ ಕ್ರೋಮೈಡ್ ಎನಿಸಿಕೊಳ್ಳುವ ಅಂಗೈಯಗಲದ ಹಳದಿ ಮೀನು ಮೂರನೆಯದು. ದಕ್ಷಿಣ ಭಾರತ, ಸಿಂಹಳಗಳ ಹಿನ್ನೀರುಗಳಲ್ಲಿ ಬಾಳುವ ಈ ಮೂರನೆಯದರಲ್ಲಿ ತಂದೆತಾಯಿಗಳಿಬ್ಬರೂ ಮೊಟ್ಟೆಗಳನ್ನು ಕಾಯುತ್ತವೆ. ಮರಿಗಳು ಇಬ್ಬರ ಮೈಗೂ ತಾಕಿ ತಾಕಿ ಮೈಯ ಲೋಳೆಯನ್ನು ತಿನ್ನುತ್ತವೆ. ವಾರ್ಡ್ ಮತ್ತು ಬಾರ್ಲೊ ಎಂಬ ಶಾಸ್ತ್ರಜ್ಞರು ೧೯೬೭ರಲ್ಲಿ ಇದನ್ನು ವಿವರವಾಗಿ ನಿರೂಪಿಸಿದರು. ನಮ್ಮ ಪ್ರಾಚೀನರು ಮೀನನ್ನು ನೋಡಿರಲಿಲ್ಲವೆಂದಲ್ಲ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದವೆಂಬ ಪ್ರಕರಣವೇ ಇದ್ದು, ಸುಂದರಲಾಲ್ ಹೋರಾ ಅವರು ೧೯೫೧ರಲ್ಲಿ ಅದನ್ನು ಪರಿಶೀಲಿಸಿ ಬರೆದರು. ಆದರೆ ಆ ನೋಟ ಗಾಳ ಹಿಡಿದವನ ನೋಟ.

ಲೊರೆಂಟ್ಸರ ನಿರೂಪಣೆ ಹೀಗಿದೆ. ಸಿಕ್ಲಿಡ್‌ಗಳ ಒಂದು ಜೊತೆಯನ್ನು ಇತರ ಮೀನುಗಳಿಂದ ಬೇರ್ಪಡಿಸಿ ನೆಮ್ಮದಿಯಾಗಿರಲೆಂದು ಒಂಟಿ ತೊಟ್ಟಿಗೆ ಬಿಟ್ಟರೆ, ಗಂಡು ತನ್ನ ಹೆಣ್ಣನ್ನೇ ಕಚ್ಚಿ ಕೊಲ್ಲುವುದುಂಟು. ಏಟು ತಿನ್ನುವುದಕ್ಕೆ ಬಡಪಾಯಿ ಮೀನೊಂದನ್ನು ಜೊತೆಗೆ ಬಿಟ್ಟರೆ ಸಂಸಾರ ಉಳಿಯುತ್ತದೆ. ಅದಕ್ಕಿಂತ ಸೌಮ್ಯವಾದ ಉಪಾಯವೆಂದರೆ ದೊಡ್ಡ ತೊಟ್ಟಿಗೆ ನಡುವೆ ಗಾಜು ನಿಲ್ಲಿಸಿ ಎರಡು ಬದಿಯಲ್ಲಿಯೂ ಒಂದೊಂದು ಜೊತೆಯನ್ನಿಡುವುದು. ಗಾಜಿನ ಮೇಲೆ ಪಾಚಿ ಬೆಳೆದು ನೆರೆಯವರು ಮಸುಕಾಗುತ್ತ ಬಂದಂತೆ ಗಂಡು ಹೆಣ್ಣಿನ ಮೇಲೆ ಒರಟಾಗುತ್ತದೆ. ಗಾಜನ್ನು ಉಜ್ಜಿದೊಡನೆ ಮನೆಯೊಳಗೆ ಶಾಂತಿ. ಇಂಥ ಸೂಕ್ಷ್ಮ ವೀಕ್ಷಣೆಯನ್ನು ಇಷ್ಟು ನಗೆಮೊಗದಿಂದ ಬರೆಯಬಲ್ಲವರು ಶಾಸ್ತ್ರಕಾರರಲ್ಲಿ ವಿರಳ. ವೀಕ್ಷಣೆಯಲ್ಲಿ ದೋಷವೆಣಿಸುವುದು ನಮ್ಮ ಉದ್ದೇಶವಲ್ಲ.

ದೋಷವಿರುವುದು ಅದರ ಅರ್ಥವಿವರಣೆಯಲ್ಲಿ. ಕೋಪವು ಒಳಗೇ ಒಸರಿ ತುಂಬುವ ನೀರು, ಹೊರಬೀಳಲು ತೂಬಿಲ್ಲದಿದ್ದರೆ ಕಟ್ಟೆಯೊಡೆದು ಹತ್ತಿರದವರ ಮೇಲೆ ನುಗ್ಗುತ್ತದೆ ಎಂಬುದು ಅವರ ಸಿದ್ಧಾಂತ. ೧೯೫೦ರಲ್ಲಿಯೇ ಅವರು ಇದನ್ನು ತೊಟ್ಟಿ, ನೀರು, ಮುಚ್ಚಳಗಳ ಚಿತ್ರವಾಗಿ ಬರೆದು ತೋರಿಸಿದ್ದರು. ಈ ಚಿತ್ರವನ್ನು ಹಿಡಿದುಕೊಂಡೇ ಅವರು ಅದೇ ಅಧ್ಯಾಯದಲ್ಲಿ ಮೀನಿನಿಂದ ತಮ್ಮ ಅತ್ತೆಯೊಬ್ಬರ ಕಡೆಗೆ ದಾಟುತ್ತಾರೆ. ಆಕೆ ಯಾವ ಮನೆಗೆಲಸದ ಹುಡುಗಿಯನ್ನೂ ಎಂಟು ಹತ್ತು ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳಲಿಲ್ಲವಂತೆ. ಕಥೆ ರಮ್ಯವಾಗಿದೆ. ಆದರೆ ಮೀನಿಗೂ ಅತ್ತೆಗೂ ನಡುವೆ ಇಲ್ಲಿ ಸೇತುವೆಯಾಗಿರುವುದು ಆ ಕಟ್ಟೆಯ ರೂಪಕವೊಂದೇ. ರೂಪಕವನ್ನು ತೆಗೆದರೆ ವಾದವು ನಡುನೀರಿನಲ್ಲಿ ನಿಲ್ಲುತ್ತದೆ.

ಪರೀಕ್ಷೆಗಳು ಏನು ಹೇಳಿದುವು? ೧೯೬೯ರಲ್ಲಿ ಆನ್ ರಾಸಾ ಅವರು ನಮ್ಮ ಹಳದಿ ಮೀನಿನ ಜೊತೆಗಳನ್ನೇ ಒಂಟಿಯಾಗಿಟ್ಟು ನೋಡಿ ಲೊರೆಂಟ್ಸರ ಪಕ್ಷಕ್ಕೆ ಬೆಂಬಲವನ್ನು ಕಂಡರು. ಆದರೆ ೧೯೭೨ರಲ್ಲಿ ಹೈಲಿಗೆನ್‌ಬೆರ್ಗ್ ಮತ್ತು ಕ್ರಾಮರ್ ಅವರು ಆಫ್ರಿಕದ ಸಿಕ್ಲಿಡ್ ಒಂದರಲ್ಲಿ ಬೇರೊಂದು ಸಂಗತಿಯನ್ನು ತೋರಿಸಿದರು. ಎದುರಾಳಿ ಗಂಡುಗಳ ದರ್ಶನವಿಲ್ಲದೆ ಇರಿಸಿದ ಗಂಡಿನಲ್ಲಿ ಕಚ್ಚುವ ಪ್ರವೃತ್ತಿ ದಿನೇ ದಿನೇ ಇಳಿಯಿತು. ಮುಖದ ಮೇಲೆ ಕಪ್ಪು ಪಟ್ಟೆಯುಳ್ಳ ಗಂಡಿನ ಬೊಂಬೆಯನ್ನು ತೋರಿಸಿದ ಮೇಲೆ ಅದು ಮತ್ತೆ ಏರಿತು. ಕೋಪವು ಒಳಗೇ ತುಂಬುವ ನೀರಾಗಿದ್ದ ಪಕ್ಷದಲ್ಲಿ ಆ ಒಂಟಿತನದಲ್ಲಿ ಏರಬೇಕಾಗಿತ್ತು, ಇಳಿಯಬಾರದಾಗಿತ್ತು.

ಹಾಗಾದರೆ ಪಾಚಿಗಟ್ಟಿದ ಗಾಜಿನ ಕಥೆಗೆ ಗತಿಯೇನು? ಇಲ್ಲಿ ನಮ್ಮ ರಸಶಾಸ್ತ್ರದ ಪರಿಭಾಷೆ ಹೆಚ್ಚು ಉಪಯುಕ್ತವೆಂದು ನಮ್ಮ ಅಭಿಪ್ರಾಯ. ವಿಶ್ವನಾಥನು ಸಾಹಿತ್ಯದರ್ಪಣದಲ್ಲಿ ತಿರ್ಯಕ್ ಪ್ರಾಣಿಗಳ ಶೃಂಗಾರವನ್ನು ರಸಾಭಾಸದಲ್ಲಿ ಎಣಿಸಿದ್ದಾನೆ. ಮೀನಿನ ರೌದ್ರವನ್ನು ರಸವೆನ್ನಲು ನಾವೂ ಹೊರಟಿಲ್ಲ. ನಮಗೆ ಬೇಕಾದುದು ಭಾವದ ವ್ಯವಸ್ಥೆ ಮಾತ್ರ. ಕ್ರೋಧವು ಸ್ಥಾಯಿ, ಎಂದರೆ ವಾಸನಾರೂಪವಾಗಿ ಎಲ್ಲರಲ್ಲಿಯೂ ಇರುವುದು. ಆದರೆ ಆಲಂಬನ, ಉದ್ದೀಪನಗಳಿಲ್ಲದೆ ಅದು ತಲೆಯೆತ್ತದು. ಸ್ಥಾಯಿಯೆಂಬುದು ಕಟ್ಟೆಯಲ್ಲಿ ಏರುವ ನೀರಲ್ಲ, ನೆಲದೊಳಗಿನ ಬೀಜ. ಸೆಟೆದ ರೆಕ್ಕೆ, ಅಗಲಿಸಿದ ಕಿವಿರುಮುಚ್ಚಳ, ಕಪ್ಪಾಗುವ ಮೈ, ಬಾಲದ ಬೀಸು, ಇವು ಅನುಭಾವಗಳು. ನೆರೆಯ ಗಂಡು ಕಣ್ಣಿಗೆ ಬೀಳುವವರೆಗೆ ಆಲಂಬನ ಆತನೇ. ಗಾಜು ಮಸುಕಾದಾಗ ತೊಟ್ಟಿಯೊಳಗೆ ತನ್ನ ಬಣ್ಣವುಳ್ಳ, ತನ್ನ ನೆಲೆಯೊಳಗೆ ಓಡಾಡುವ ಪ್ರಾಣಿ ಹೆಣ್ಣೊಂದೇ ಉಳಿಯುತ್ತದೆ. ಆಲಂಬನ ಪಲ್ಲಟವಾಯಿತು, ಅಷ್ಟೆ.

ಈ ವ್ಯಾಖ್ಯಾನಭೇದದಿಂದ ತೊಟ್ಟಿಯ ಆಡಳಿತವೇ ಬೇರೆಯಾಗುತ್ತದೆ. ತೂಬಿನ ಸಿದ್ಧಾಂತವನ್ನು ನಂಬಿದವನು ಬಡಪಾಯಿ ಮೀನನ್ನು ಬಿಟ್ಟು ಅದು ಸಾಯುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ವಿಭಾವವನ್ನು ನಂಬಿದವನು ಕಣ್ಣಿಗೆ ಬೀಳುವುದನ್ನು ಮೊದಲು ಸರಿಪಡಿಸುತ್ತಾನೆ. ಹೊಳೆಯಲ್ಲಿ ಸೋತ ಮೀನು ಓಡಿಹೋದೊಡನೆ ಕಲಹ ಮುಗಿಯಿತು. ತೊಟ್ಟಿಯಲ್ಲಿ ಓಡಿದ ಮೀನು ನಾಲ್ಕಡಿ ಹೋಗಿ ಗಾಜಿಗೆ ತಾಕಿ, ಸೋತೆನೆಂದು ಎಷ್ಟು ತಿಳಿಸಿದರೂ ಗೆದ್ದದ್ದರ ಕಣ್ಣೆದುರಿಗೇ ಇರುತ್ತದೆ. ಆದುದರಿಂದ ತಳವು ವಿಶಾಲವಾಗಿರಬೇಕು. ಕಲ್ಲು, ಮರದ ಬೇರು, ಬೋರಲು ಹಾಕಿದ ಮಣ್ಣಿನ ಕುಡಿಕೆ ಮೊದಲಾದುವುಗಳಿಂದ ದೃಷ್ಟಿಯನ್ನು ಅಲ್ಲಲ್ಲಿ ಕಡಿಯಬೇಕು. ಹೊಸ ಮೀನನ್ನು ಬಿಡುವಾಗ ಕಲ್ಲುಗಳನ್ನು ಅತ್ತಿತ್ತ ಸರಿಸಿದರೆ ಹಳಬರೂ ಹೊಸಬರಾಗಿ ನೆಲೆಯನ್ನು ಮೊದಲಿನಿಂದ ಹುಡುಕುವರು. ಮೊಟ್ಟೆಯಿಟ್ಟ ಜೊತೆಯಿದ್ದಲ್ಲಿ ಎತ್ತಬೇಕಾದುದು ನೆರೆಯವರನ್ನು. ‘ದುಷ್ಟ’ನೆಂದು ತಂದೆಯನ್ನು ಎತ್ತಿ ಬೇರೆಡೆಗೆ ಹಾಕುವ ಅಭ್ಯಾಸವು ಮರಿಗಳ ಕಾವಲನ್ನೂ ಊಟವನ್ನೂ ಅರ್ಧಕ್ಕೆ ಇಳಿಸುತ್ತದೆ. ಜೊತೆ ಒಂಟಿಯಾದ ಮೇಲೆ ಗಂಡು ಹೆಣ್ಣಿನ ಮೇಲೆ ತಿರುಗಿದರೆ ಆಗ ಲೊರೆಂಟ್ಸರ ಗಾಜು ಇದ್ದೇ ಇದೆ. ವಾರಕ್ಕೊಮ್ಮೆ ಪಾಚಿಯನ್ನು ಉಜ್ಜುವ ಶ್ರಮ ಮಾತ್ರ ಸಾಕುವವನದು.

ಇನ್ನು ಪದದ ವಿಚಾರ. ‘ಅಗ್ರೆಶನ್’ ಎಂಬುದಕ್ಕೆ ಈಗ ನಮ್ಮಲ್ಲಿ ‘ಆಕ್ರಮಣ’ವೆಂದು ರೂಢಿ. ಆಕ್ರಮಿಸುವುದೆಂದರೆ ಪರರ ನೆಲದ ಮೇಲೆ ಕಾಲಿಡುವುದು. ಮೊಟ್ಟೆ ಕಾಯುವ ಮೀನು ಮಾಡುವುದು ಅದಕ್ಕೆ ನೇರ ವಿರುದ್ಧ. ‘ದ್ವೇಷ’ವು ನೆನಪನ್ನು ಬೇಡುತ್ತದೆ, ‘ಹಿಂಸೆ’ಯು ತೀರ್ಪನ್ನೇ ಮುಂಚೆ ಕೊಟ್ಟುಬಿಡುತ್ತದೆ. ಹಳಗನ್ನಡದಿಂದ ಉಳಿದುಬಂದಿರುವ ‘ಸೆಣಸು’ ಎಂಬ ಮಾತು ಸಮಾನರೊಳಗಿನ ಸ್ಪರ್ಧೆಯನ್ನು ತಪ್ಪು-ಒಪ್ಪುಗಳ ಸೋಂಕಿಲ್ಲದೆ ಹೇಳುವುದರಿಂದ ಗಾಜಿನಾಚೆಯ ನೆರೆಯವರ ವಿಷಯಕ್ಕೆ ಒಪ್ಪುತ್ತದೆ. ‘ಮುನಿಸು’ ಆಪ್ತರೊಳಗಿನದು, ಪಾಚಿಗಟ್ಟಿದ ಗಾಜಿನ ಈಚೆಗೆ ಜೊತೆಯೊಳಗೆ ನಡೆಯುವುದಕ್ಕೆ ಅದನ್ನು ಮೀಸಲಾಗಿಡಬಹುದು. ಲೊರೆಂಟ್ಸರ ಆ ಅಧ್ಯಾಯವನ್ನು ಕನ್ನಡಿಸುವವರು ಈ ಎರಡು ಮಾತುಗಳನ್ನೂ, ಗ್ರಂಥನಾಮದ ‘ಎನಿಸಿಕೊಂಡದ್ದು’ ಎಂಬುದನ್ನೂ ಕೈಬಿಡದಿರಲೆಂದು ಬಿನ್ನಹ.