ಸುದ್ದಿಯ ಚಂದಾ, ಸುದ್ದಿಯ ಬೀಗ

ಅಂತರಜಾಲದಲ್ಲಿ ಓದುವ ಸುದ್ದಿಗೆ ಚಂದಾ ಕೊಡಬೇಕೆ ಬೇಡವೆ ಎಂಬ ವಿಷಯದಲ್ಲಿ ನಮ್ಮ ಓದುಗರಲ್ಲಿ ಎರಡು ಪಕ್ಷಗಳಿವೆ. ಸುದ್ದಿ ಊರ ಬಾವಿಯ ನೀರಿನಂತೆ, ಅದಕ್ಕೆ ಬೆಲೆ ಕಟ್ಟಬಾರದು ಎಂಬುದು ಒಂದು ಪಕ್ಷ. ದುಡಿದವನಿಗೆ ಕೂಲಿ ಸಲ್ಲಬೇಕು ಎಂಬುದು ಇನ್ನೊಂದು. ಎರಡೂ ಸಲ್ಲುವ ಮಾತುಗಳೇ. ಆದರೆ ಎರಡೂ ಬೆಂಗಳೂರಿನಲ್ಲಿ ಕುಳಿತು ಆಡಿದ ಮಾತುಗಳು. ಅವನ್ನು ನಗರದಾಚೆಯ ನಾಲ್ಕು ಊರುಗಳಿಗೆ ಒಯ್ದು ಒರೆಗೆ ಹಚ್ಚಿ ನೋಡುವುದು ಮೇಲೆಂದು ನನಗೆ ತೋರುತ್ತದೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳು 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರೆಯಾಗಿ ರಾಮನಗರ ಜಿಲ್ಲೆಯಾದುವು. 2025ರಲ್ಲಿ ಸರ್ಕಾರ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂದು ಹೆಸರಿಟ್ಟಿತು. ಈ ಸುದ್ದಿ ಎಲ್ಲರಿಗೂ ಪುಕ್ಕಟೆಯಾಗಿಯೇ ಸಿಕ್ಕಿತು. ಆದರೆ ಹೆಸರು ಬದಲಾದ ಮೇಲೆ ಮಾಗಡಿಯ ರೈತನ ಜಮೀನಿನ ಮೇಲೆ ಯಾರ ಕಣ್ಣು ಬಿದ್ದಿತೆಂದು ತಿಳಿಸಬೇಕಾದರೆ, ವರದಿಗಾರನೊಬ್ಬ ತಾಲ್ಲೂಕು ಕಚೇರಿಯ ಮೆಟ್ಟಿಲನ್ನು ಹತ್ತಾರು ಸಲ ಹತ್ತಿಳಿಯಬೇಕು. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯ ಮಾತೂ ಹಾಗೆಯೇ. ಅಂದಿನ ಧಾರಣೆಯನ್ನು ಇಲಾಖೆಯೇ ಪ್ರಕಟಿಸುತ್ತದೆ. ಧಾರಣೆ ಕುಸಿದದ್ದೇಕೆ, ಹರಾಜು ನೇರವಾಗಿ ನಡೆಯಿತೆ ಎಂಬುದನ್ನು ಯಾರಾದರೂ ಹೋಗಿ ವಿಚಾರಿಸಿಯೇ ತಿಳಿಯಬೇಕು. ಬಾವಿಯ ನೀರಿಗೆ ಬೆಲೆಯಿಲ್ಲ, ನಿಜ. ಬಾವಿ ತೋಡಿದವನಿಗೆ ಕೂಲಿಯುಂಟಲ್ಲವೆ?

ಆ ಕೂಲಿಯನ್ನು ಜಾಹೀರಾತು ಕೊಡಲಿ ಎನ್ನುವವರುಂಟು. ಜಾಹೀರಾತು ಜಾತ್ರೆಯ ಅಂಗಡಿಯಂತೆ, ಜನ ನೆರೆದ ಕಡೆಗೇ ಹೋಗುತ್ತದೆ. ಚಲನಚಿತ್ರ ತಾರೆಯ ಮದುವೆಗೆ ಸೇರುವ ಗುಂಪು ಕನಕಪುರದ ಕೆರೆಯ ಒತ್ತುವರಿಗೆ ಸೇರುವುದಿಲ್ಲ. ಕನ್ನಡಿಗರು ಸುದ್ದಿಗೆ ಹಣ ಕೊಡುವವರಲ್ಲ ಎಂಬ ಮಾತಿಗೂ ಚರಿತ್ರೆಯ ಆಧಾರವಿಲ್ಲ. 1843ರಲ್ಲಿ ಮೋಗ್ಲಿಂಗ್ ಹೊರಡಿಸಿದ ‘ಮಂಗಳೂರ ಸಮಾಚಾರ’ಕ್ಕೇ ಒಂದು ದುಡ್ಡಿನ ಬೆಲೆಯಿತ್ತು. 1980ರಲ್ಲಿ ಆರಂಭವಾದ ‘ಲಂಕೇಶ್ ಪತ್ರಿಕೆ’ ಜಾಹೀರಾತನ್ನೇ ಬೇಡವೆಂದು, ಓದುಗರು ಕೊಟ್ಟ ಕಾಸಿನಿಂದಲೇ ವರ್ಷಗಟ್ಟಲೆ ನಡೆಯಿತು. ಅದರ ನಿರ್ಭಯಕ್ಕೆ ಲಂಕೇಶರ ಎದೆಗಾರಿಕೆ ಎಷ್ಟು ಕಾರಣವೋ ಈ ಲೆಕ್ಕಾಚಾರವೂ ಅಷ್ಟೇ ಕಾರಣ.

ಹೀಗೆಂದಮಾತ್ರಕ್ಕೆ ಎರಡನೆಯ ಪಕ್ಷ ಪೂರ್ತಿ ಗೆದ್ದಂತಲ್ಲ. ಕಾಗದದ ಪತ್ರಿಕೆಗೆ ಕೊಳ್ಳುವವನು ಒಬ್ಬ, ಓದುವವರು ಹತ್ತು ಮಂದಿ. ಚನ್ನಪಟ್ಟಣದ ಹೋಟೆಲಿನಲ್ಲಿ, ಕ್ಷೌರದಂಗಡಿಯಲ್ಲಿ ಅದು ಕೈಯಿಂದ ಕೈಗೆ ದಾಟುತ್ತದೆ. ಅಂತರಜಾಲದ ಚಂದಾ ಈ ದಾಟುವಿಕೆಗೇ ಬೀಗ ಹಾಕುತ್ತದೆ. ‘ನ್ಯೂಯಾರ್ಕ್ ಟೈಮ್ಸ್’ 2011ರಲ್ಲಿ ತಿಂಗಳಿಗೆ 20 ಲೇಖನಗಳನ್ನು ಬಿಟ್ಟಿಯಾಗಿ ಕೊಟ್ಟು ಆಮೇಲೆ ಬಾಗಿಲು ಮುಚ್ಚುವ ಪದ್ಧತಿಯನ್ನು ತಂದಿತು. ಲೋಕಕ್ಕೆಲ್ಲ ಹರಡಿದ ಓದುಗರಿರುವ ಪತ್ರಿಕೆಗೆ ಅದು ಒಗ್ಗಬಹುದು. ಆದರೆ ಗೂಡು ಮಾರಲು ಬಂದ ರೈತನಿಗೆ ಅವನದೇ ಮಾರುಕಟ್ಟೆಯ ಸುದ್ದಿ ಮುಚ್ಚಿದ ಬಾಗಿಲಾದರೆ, ಆ ಸುದ್ದಿ ಬರೆದು ಏನು ಫಲ?

ಇದಕ್ಕೆ ಪರಿಹಾರ ನಮ್ಮ ಕಾನೂನಿನಲ್ಲಿಯೇ ಇದೆ. 1965ರ ಸಾರ್ವಜನಿಕ ಗ್ರಂಥಾಲಯ ಅಧಿನಿಯಮದ ಪ್ರಕಾರ ನಾವು ಮನೆ ಕಂದಾಯದ ಜೊತೆಗೆ ಗ್ರಂಥಾಲಯ ಕರವನ್ನೂ ತೆರುತ್ತಿದ್ದೇವೆ. ಆ ಹಣದಿಂದ ಕಾಗದದ ಪತ್ರಿಕೆಯನ್ನು ತರಿಸುವಂತೆ ಅಂತರಜಾಲದ ಚಂದಾವನ್ನೂ ಕಟ್ಟಿ, ಗ್ರಂಥಾಲಯದಲ್ಲಿ ಕುಳಿತ ಯಾರೇ ಆಗಲಿ ಓದುವಂತೆ ಮಾಡಬಹುದು. ಅನುಕೂಲವುಳ್ಳವರು ಮನೆಯಲ್ಲಿಯೂ ಚಂದಾದಾರರಾಗಲಿ. ನಾವು ಕಾಸು ಕೊಡಬೇಕಾದದ್ದು ಸುದ್ದಿಯನ್ನು ನಮ್ಮೊಬ್ಬರದಾಗಿಸಿಕೊಳ್ಳುವುದಕ್ಕಲ್ಲ, ವರದಿಗಾರ ಮಾಗಡಿಗೆ ಹೋಗಿಬರುವಂತಾಗುವುದಕ್ಕೆ.