ಡೆಲ್ಫ್ಟ್ ನೀಲಿಪಾತ್ರೆಗಳ ಅಂಕಿತವಿಚಾರ

ಹಾಲೆಂಡಿನ ಡೆಲ್ಫ್ಟ್ ಪಟ್ಟಣವು ನೀಲಿ ಚಿತ್ರಗಳುಳ್ಳ ಬಿಳಿಯ ಪಾತ್ರೆಗಳಿಂದ ಲೋಕಪ್ರಸಿದ್ಧವಾಗಿದೆ. ಗಾಳಿಗಿರಣಿ, ಹಾಯಿದೋಣಿ ಮೊದಲಾದುವನ್ನು ಚಿತ್ರಿಸಿದ ತಟ್ಟೆ ಹೂದಾನಿಗಳನ್ನು ಪ್ರವಾಸಿಗಳು ನೆನಪಿನ ಕಾಣಿಕೆಗಳಾಗಿ ಕೊಂಡೊಯ್ಯುವರು. ತಲೆಮಾರೊಂದು ಕಳೆದು ಅವು ಬೇರೆಯವರ ಕೈಸೇರಿದಾಗ, ಬುಡದಲ್ಲಿ ಊರಿನ ಹೆಸರಿರುವುದರಿಂದ ಅವು ಪ್ರಾಚೀನವೆಂಬ ವಾದವು ಹುಟ್ಟುವುದುಂಟು. ಈ ವಾದವು ಎಷ್ಟು ದುರ್ಬಲವೆಂಬುದು ಪಾತ್ರೆಗಳ ಇತಿಹಾಸದಿಂದಲೇ ತಿಳಿಯಬರುತ್ತದೆ.

ಹದಿನೇಳನೆಯ ಶತಮಾನದ ಮೊದಲಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪೆನಿಯ ಹಡಗುಗಳು ಚೀನಾದ ಪಿಂಗಾಣಿಯನ್ನು ಹಾಲೆಂಡಿಗೆ ತರುತ್ತಿದ್ದುವು. 1644ರಲ್ಲಿ ಮಿಂಗ್ ವಂಶವು ಪತನಹೊಂದಿ ಆ ದೇಶವು ಕ್ಷೋಭೆಗೊಳಗಾಗಲು ಸರಕು ವಿರಳವಾಯಿತು. ಆ ಕೊರತೆಯನ್ನು ತುಂಬಿದವರು ಡೆಲ್ಫ್ಟಿನ ಕುಂಬಾರರು. ಪಿಂಗಾಣಿಯ ಮರ್ಮವು ಅವರಿಗೆ ತಿಳಿದಿರಲಿಲ್ಲ. ಆದುದರಿಂದ ಅವರು ಸಾಧಾರಣ ಮಣ್ಣಿನ ಪಾತ್ರೆಗೆ ತವರದ ಭಸ್ಮ ಬೆರೆತ ಬಿಳಿಯ ಲೇಪವನ್ನಿತ್ತು, ಆ ಲೇಪವನ್ನು ಸುಡುವುದಕ್ಕೆ ಮೊದಲೇ ಅದರ ಮೇಲೆ ಕೋಬಾಲ್ಟಿನಿಂದ ಚಿತ್ರ ಬರೆದರು. ಹಸಿಯ ಲೇಪವು ಬಣ್ಣವನ್ನು ಒಡನೆಯೇ ಹೀರುವುದರಿಂದ ತಿದ್ದುವುದಕ್ಕೆ ಅವಕಾಶವಿಲ್ಲ. ಹಳೆಯ ಕೆಲಸದ ರೇಖೆಗಳಲ್ಲಿ ಕಾಣುವ ದಿಟ್ಟತನಕ್ಕೆ ಇದೇ ಕಾರಣ. ಹೀಗೆ ಹಳೆಯ ಡೆಲ್ಫ್ಟೂ ಹುಟ್ಟಿನಿಂದ ಅನುಕರಣವೇ. ಅನುಕರಣವೆಂಬ ಒಂದೇ ಕಾರಣದಿಂದ ಈಚಿನ ಕಾಣಿಕೆಗಳನ್ನು ಹಳಿಯುವುದು ನ್ಯಾಯವಲ್ಲ.

ಇನ್ನು ಬುಡದ ಗುರುತುಗಳ ವಿಚಾರ. ಪ್ರಾಚೀನ ಪಾತ್ರೆಗಳಲ್ಲಿ ಕಾರ್ಖಾನೆಯ ಇಲ್ಲವೆ ಒಡೆಯನ ಚಿಹ್ನೆಯಿರಬಹುದು. ಊರಿನ ಹೆಸರು ಅತಿವಿರಳ. 'ಡೆಲ್ಫ್ಟ್ಸ್ ಬ್ಲಾವ್' ಎಂಬ ಬರಹವು ಪಾತ್ರೆಯ ಪ್ರಾಚೀನತೆಗೆ ಬದಲಾಗಿ ಅರ್ವಾಚೀನತೆಯನ್ನೇ ಸಾರುತ್ತದೆ. ಅಮೆರಿಕದ 1890ರ ಸುಂಕದ ಕಾಯಿದೆಯು ಆಮದಿನ ಸರಕಿನ ಮೇಲೆ ಮೂಲದೇಶದ ಹೆಸರನ್ನು ಇಂಗ್ಲಿಷಿನಲ್ಲಿ ನಮೂದಿಸಬೇಕೆಂದು ವಿಧಿಸಿತು. 'ಮೇಡ್ ಇನ್ ಹಾಲೆಂಡ್' ಎಂಬುದು ಅದಕ್ಕೂ ಈಚಿನದೆಂದು ತಿಳಿಯತಕ್ಕದ್ದು. 'ಗ್ರೀಕ್ ಎ' ಎಂಬ ಕಾರ್ಖಾನೆಗೆ 1686ರಿಂದ 1701ರ ವರೆಗೆ ಒಡೆಯನಾಗಿದ್ದ ಆಡ್ರಿಯಾನ್ ಕಾಕ್ಸನ 'ಎಕೆ' ಮುದ್ರೆಯನ್ನಂತೂ ಅನಂತರದವರು ಯಥೇಚ್ಛವಾಗಿ ನಕಲುಮಾಡಿದರು. ಅಂಕಿತವೊಂದನ್ನೇ ನಂಬಿ ವಚನದ ಕರ್ತೃತ್ವವನ್ನು ನಿರ್ಣಯಿಸುವುದು ಹೇಗೆ ಅಪಾಯವೋ ಇಲ್ಲಿಯೂ ಹಾಗೆಯೇ. ಒಡಲಿನ ಸಾಕ್ಷ್ಯವೂ ಬೇಕು.

ಆ ಸಾಕ್ಷ್ಯವು ಅಂಚು ಮುಕ್ಕಾದ ಕಡೆ ದೊರೆಯುತ್ತದೆ. ಹಳೆಯ ಪಾತ್ರೆಯಲ್ಲಿ ಬಿಳಿಯ ಲೇಪದಡಿ ಹಳದಿಛಾಯೆಯ ಮೆದುಮಣ್ಣು ಕಾಣುವುದು. ಈಚಿನವುಗಳಲ್ಲಿ ಸಾಮಾನ್ಯವಾಗಿ ಮಣ್ಣೇ ಬಿಳಿದು. ಭೂತಕನ್ನಡಿಯಲ್ಲಿ ನೋಡಿದಾಗ ಕುಂಚದ ಕೆಲಸವಾದರೆ ನೀಲಿಯು ಒಂದೆಡೆ ದಟ್ಟವಾಗಿ ಒಂದೆಡೆ ತೆಳುವಾಗಿರುವುದು. ಸಣ್ಣ ಚುಕ್ಕೆಗಳ ಜಾಲ ಕಂಡರೆ ಅದು ಅಚ್ಚಿನ ಚಿತ್ರ. ಆದರೆ ಬಿಳಿಯ ಮಣ್ಣೆಂದೊಡನೆ ಅಗ್ಗದ ಸರಕೆಂದು ತಳ್ಳಲಾಗದು. 1653ರಲ್ಲಿ ಸ್ಥಾಪಿತವಾದ 'ಪೋರ್ಸೆಲೇನ ಫ್ಲೆಸ್' ಕಾರ್ಖಾನೆಯನ್ನು 1876ರಲ್ಲಿ ಕೊಂಡ ಯೋಸ್ಟ್ ಥೋಫ್ಟನು ಬಿಳಿಯ ಮಣ್ಣಿನ ಮೇಲೆಯೇ ಕೈಚಿತ್ರದ ಕಲೆಯನ್ನು ಪುನರುಜ್ಜೀವನಗೊಳಿಸಿದನು. ಅಲ್ಲಿಯ ಕೆಲಸದಲ್ಲಿ ಸೀಸೆಯ ಚಿಹ್ನೆ, ಥೋಫ್ಟನ ಹೆಸರಿನ ಮೊದಲಕ್ಷರಗಳು, ಚಿತ್ರಕಾರನ ಗುರುತು, 1879ರಿಂದೀಚೆಗೆ ವರ್ಷಸೂಚಕವಾದ ಅಕ್ಷರ ಇವು ಇರುತ್ತವೆ.

ಬೆಲೆಯ ನಿರ್ಣಯಕ್ಕೆ ಈ ಭೇದಗಳೇ ಆಧಾರ. ಪ್ರಾಚೀನ ಪಾತ್ರೆಯು ಅಂಚು ಮುಕ್ಕಾದರೂ ಗಣ್ಯವೆನಿಸುತ್ತದೆ; ಥೋಫ್ಟನ ಪರಂಪರೆಯ ಕೈಚಿತ್ರಕ್ಕೆ ಮಧ್ಯಮಸ್ಥಾನ; ಅಚ್ಚಿನ ಕಾಣಿಕೆಗೆ ಮಾರುಕಟ್ಟೆಯ ಬೆಲೆ ಅತ್ಯಲ್ಪ, ಮುಕ್ಕಾದರೆ ಅದೂ ಇಲ್ಲ. ಆದರೂ ಡಚ್ ವಿಮಾನಸಂಸ್ಥೆಯಾದ ಕೆಎಲ್‌ಎಂ 1952ರಿಂದ ಪ್ರಯಾಣಿಕರಿಗೆ ಕೊಡತೊಡಗಿದ ನೀಲಿ ಬಿಳಿಯ ಪುಟ್ಟ ಮನೆಗಳನ್ನು ಸಂಗ್ರಾಹಕರು ಸರಣಿ ಪೂರ್ಣವಾಗಲೆಂದು ಇಂದಿಗೂ ಅರಸುತ್ತಿರುವರು. ಕಾಣಿಕೆಗೆ ಕಾಣಿಕೆಯಾಗಿಯೇ ಬೆಲೆಯುಂಟೆಂಬುದಕ್ಕೆ ಇದು ನಿದರ್ಶನ. ದೋಷವಿರುವುದು ಅದನ್ನು ಪ್ರಾಚೀನವೆಂದು ಮಾರುವವನಲ್ಲಿ. ವಸ್ತುವನ್ನು ಅದರ ನಿಜವಾದ ಹೆಸರಿನಿಂದ ಕರೆದ ಮೇಲೆಯೇ ಅದರ ಗುಣಾಗುಣಗಳ ವಿಮರ್ಶೆಯು ಸಾಧ್ಯ.