ಗುಲಾಬಿ ಹನಿಯ ಪರೀಕ್ಷೆ

ಕುರಿ ಸಾಕುವ ಸಿರುಗುಪ್ಪ, ಕುರುಗೋಡು ಸೀಮೆಯಲ್ಲಿ ಸೊಂಟ, ಮಂಡಿ ಹಿಡಿದುಕೊಂಡರೆ ವಾಯು ಎಂದುಬಿಡುವುದು ಸುಲಭ. ಜೊತೆಗೆ ಬಿಟ್ಟುಬಿಟ್ಟು ಜ್ವರವೂ ಬರುತ್ತಿದ್ದರೆ, ಕಂದು ಹಾಕಿದ ಕುರಿಯ ಮಾಸು ಮುಟ್ಟಿದ್ದರಿಂದಲೋ ಕಾಯಿಸದ ಹಾಲಿನಿಂದಲೋ ತಗುಲಿದ ಬ್ರುಸೆಲ್ಲಾ ಸೋಂಕು ಇರಬಹುದು. ಅದನ್ನು ಪತ್ತೆಹಚ್ಚುವ ರೋಸ್ ಬೆಂಗಾಲ್ ಪರೀಕ್ಷೆಯ ಸರಳತೆ ನನಗೆ ಅಚ್ಚುಮೆಚ್ಚು. ಒಂದು ಹನಿ ಸೀರಂಗೆ ಬಣ್ಣ ಹಾಕಿದ ಸತ್ತ ಬ್ಯಾಕ್ಟೀರಿಯಾದ ಒಂದು ಹನಿ ಬೆರೆಸಿ 4 ನಿಮಿಷ ಆಡಿಸಿದರೆ, ಸೀರಂನಲ್ಲಿ ಪ್ರತಿಕಾಯಗಳಿದ್ದರೆ ಅವು ಬ್ಯಾಕ್ಟೀರಿಯಾವನ್ನು ಹಿಡಿದು ಗುಲಾಬಿ ಹರಳು ಕಟ್ಟುತ್ತವೆ. 1897ರಲ್ಲಿ ವೈದ್ಯ ಆಲ್ಮ್‌ರಾತ್ ರೈಟ್ ಈ ರೋಗಕ್ಕೆ ಅನ್ವಯಿಸಿದ ತತ್ವವೇ ಇದು. ವಾಸಿಯಾದ ಹಳೆಯ ಸೋಂಕೂ ಹರಳು ತೋರಿಸೀತು ಎಂಬ ಆಕ್ಷೇಪ ನಿಜ, ಕುರಿಗಾಹಿಗಳಲ್ಲಂತೂ ಇನ್ನೂ ನಿಜ. ಆದರೆ ಸೀರಂ ತೆಳುಮಾಡಿ ಮತ್ತೆ ನೋಡಬಹುದು, ರೋಗಲಕ್ಷಣದೊಂದಿಗೆ ತೂಗಬಹುದು. ರಕ್ತದಿಂದ ಬ್ಯಾಕ್ಟೀರಿಯಾ ಬೆಳೆಸಿ ನೋಡಲು ದಿನಗಳೇ ಬೇಕು. ಬಳ್ಳಾರಿಯಿಂದ ದೂರದ ಹಟ್ಟಿಯವನಿಗೆ ಈ ಹನಿ ಅಂದೇ ದಾರಿ ತೋರುತ್ತದೆ. ಸೋಂಕು ಖಚಿತವಾದರೆ ನೋವಿನ ಮಾತ್ರೆ ಸಾಲದು, ಕನಿಷ್ಠ 6 ವಾರ ಜೋಡಿ ಔಷಧ ಬೇಕು.